ಮೊಲದ ಕರುಳಿನ ನಾಲ್ಕು ಇಂಚು

ಕಾಲರಾ ಬಡಿದವನ ಕರುಳು ಹರಿದಿರುವುದಿಲ್ಲ, ಕೊಳೆತಿರುವುದಿಲ್ಲ, ಹುಣ್ಣಾಗಿರುವುದೂ ಇಲ್ಲ. ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಈ ಮಾತಿಗೆ ಬಂದಾಗ ನಾನು ಬೇಕೆಂದೇ ಒಂದು ಗಳಿಗೆ ನಿಲ್ಲುತ್ತಿದ್ದೆ. ಹಿಂದಿನ ಬೆಂಚಿನಿಂದಾದರೂ ಒಂದು ಕೈ ಏಳುತ್ತಿತ್ತು. "ಹಂಗಾದ್ರ ಪೇಶಂಟ್ ಯಾಕ ಸಾಯ್ತಾನ್ರಿ ಸರ?" ಟೈಫಾಯ್ಡ್ ಕರುಳಿಗೆ ತೂತು ಹಾಕುತ್ತದೆ, ಅಮೀಬಾ ಹುಣ್ಣು ಎಬ್ಬಿಸುತ್ತದೆ, ಅದು ಹುಡುಗರಿಗೆ ಅರ್ಥವಾಗುತ್ತದೆ. ಕಾಲರಾ ಬ್ಯಾಕ್ಟೀರಿಯಾ ಕರುಳಿನ ಗೋಡೆಯೊಳಕ್ಕೆ ಹೋಗುವುದೇ ಇಲ್ಲ. ಮೇಲೆ ಕೂತು, ತನ್ನ ಕೆಲಸ ಮುಗಿಸಿ, ಹೊರಟುಹೋಗುತ್ತದೆ. ಆದರೂ ಬೆಳಿಗ್ಗೆ ಹೊಲಕ್ಕೆ ಹೋಗಿದ್ದ ಮನುಷ್ಯ ಸಂಜೆಗೆ ಇಲ್ಲ. ಯಾಕೆ ಎಂಬುದಕ್ಕೆ ಈಗಿನ ಪಠ್ಯಪುಸ್ತಕಗಳಲ್ಲಿ ನಾಲ್ಕು ಸಾಲಿನ ಉತ್ತರವಿದೆ. ಬ್ಯಾಕ್ಟೀರಿಯಾ ಕೈಗೆ ಸಿಕ್ಕ ಮೇಲೂ ಆ ನಾಲ್ಕು ಸಾಲಿನ ಮೊದಲ ಸಾಲು ಬರೆಯಲು ವೈದ್ಯಲೋಕಕ್ಕೆ 75 ವರ್ಷ ಹಿಡಿಯಿತು.

ಆ 75 ವರ್ಷದ ಆರಂಭವೂ ಅಂತ್ಯವೂ ಕಲ್ಕತ್ತಾದಲ್ಲೇ, ಅದೂ ಸಿಯಾಲ್ದಾ ಸ್ಟೇಷನ್ನಿನ ಸುತ್ತಲಿನ ನಾಲ್ಕಾರು ಮೈಲಿಯೊಳಗೆ ನಡೆದುಹೋಯಿತು. ಕಾಕತಾಳೀಯವೇನಲ್ಲ. ಗಂಗೆಯ ಮುಖಜಭೂಮಿಯ ಉಪ್ಪು ಬೆರೆತ ನೀರೇ ಈ ಬ್ಯಾಕ್ಟೀರಿಯಾದ ತವರು. ಅಲ್ಲಿನ ಸಣ್ಣ ಸಿಗಡಿಜಾತಿಯ ಜೀವಿಗಳ ಚಿಪ್ಪಿಗೆ ಅಂಟಿಕೊಂಡು, ಯಾರಿಗೂ ತೊಂದರೆ ಕೊಡದೆ, ಅದು ಬದುಕಬಲ್ಲದು. ಬಂಗಾಳದ ಹಳ್ಳಿಗಳಲ್ಲಿ ಹಿಂದೂಗಳಿಗೆ ಓಲಾಯಿಚಂಡಿ, ಮುಸ್ಲಿಮರಿಗೆ ಓಲಾಬೀಬಿ, ಹೀಗೆ ಕಾಲರಾದ ಒಂದೇ ದೇವತೆಗೆ ಎರಡು ಹೆಸರಿಟ್ಟು ಹರಕೆ ಹೊರುತ್ತಿದ್ದರು. ನಮ್ಮ ಕಡೆ ಮಾರಿಯನ್ನು ಊರ ಗಡಿ ದಾಟಿಸುತ್ತಿದ್ದ ಹಾಗೆ ಅಲ್ಲಿ ಎರಡೂ ಮತದವರು ಸೇರಿ ಅವಳನ್ನು ಸಮಾಧಾನಪಡಿಸುತ್ತಿದ್ದರು.

1817ರ ಆಗಸ್ಟಿನಲ್ಲಿ ಜೆಸ್ಸೋರಿನಲ್ಲಿ ಎದ್ದ ಪಿಡುಗು ಬಂಗಾಳದಲ್ಲೇ ನಿಲ್ಲಲಿಲ್ಲ. ಕಂಪನಿಯ ಸೈನ್ಯದ ಜೊತೆ, ಯಾತ್ರಿಕರ ಜೊತೆ, ಹಡಗುಗಳ ಜೊತೆ ಹೊರಟು ಕೆಲವೇ ವರ್ಷಗಳಲ್ಲಿ ಏಷ್ಯಾದ ಬಹುಭಾಗ ಸುತ್ತಿತು. ದಕ್ಷಿಣಕ್ಕೂ ಬಂತು. ಬಳ್ಳಾರಿ ಸೀಮೆಯ ಜನ ಇಂದಿಗೂ ಹೆಸರು ಹೇಳುವ ಸರ್ ಥಾಮಸ್ ಮನ್ರೋ, ಮಂತ್ರಾಲಯದ ರಾಯರ ಐತಿಹ್ಯದಲ್ಲೂ ಬರುವ ಅದೇ ಮನ್ರೋ, ಮದ್ರಾಸಿನ ಗವರ್ನರ್ ಆಗಿದ್ದಾಗಲೇ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ತಾನು ಕಲೆಕ್ಟರ್ ಆಗಿ ಆಳಿದ್ದ ಸೀಮೆಯನ್ನು ಕೊನೆಯ ಸಲ ನೋಡಿ ಬರಲು ಹೊರಟಿದ್ದ. ಗವರ್ನರಿಗೂ ಕೂಲಿಯವನಿಗೂ ಅಂದು ಸಿಗುತ್ತಿದ್ದ ಚಿಕಿತ್ಸೆಯಲ್ಲಿ ದೊಡ್ಡ ಅಂತರವೇನೂ ಇರಲಿಲ್ಲ. ಗವರ್ನರನ ರಕ್ತ ತೆಗೆಯುವುದಕ್ಕೆ ವೈದ್ಯರು ಹತ್ತಿರದಲ್ಲೇ ಇರುತ್ತಿದ್ದರು, ಅಷ್ಟೆ.

ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ ಕಲ್ಕತ್ತಾಕ್ಕೆ ಬಂದದ್ದು 1883ರ ಡಿಸೆಂಬರಿನಲ್ಲಿ. ಅದಕ್ಕೆ ಮೊದಲು ಈಜಿಪ್ಟಿನಲ್ಲಿದ್ದ. ಅಲ್ಲಿ ಅವನಿಗೆ ಪೈಪೋಟಿಯಾಗಿ ಫ್ರೆಂಚರ ತಂಡವೂ ಬಂದಿತ್ತು. ಆ ತಂಡದ ಲೂಯಿ ಥುಯಿಲಿಯೆ ಎಂಬ ಯುವಕ ಅಲೆಕ್ಸಾಂಡ್ರಿಯಾದಲ್ಲಿ ಅದೇ ರೋಗಕ್ಕೆ ಬಲಿಯಾದ. ಈಜಿಪ್ಟಿನಲ್ಲಿ ರೋಗ ಇಳಿಮುಖವಾಗುತ್ತಿದ್ದಂತೆ ಕಾಖ್ ರೋಗದ ತವರಿಗೇ ಹೊರಟ. ಕಲ್ಕತ್ತಾದ ಮೆಡಿಕಲ್ ಕಾಲೇಜಿನಲ್ಲಿ ಅವನಿಗೆ ಜಾಗ ಸಿಕ್ಕಿತು. ಆ ಕಾಲೇಜಿನ ಆಸ್ಪತ್ರೆಯಿಂದ, ಸಿಯಾಲ್ದಾ ಆಸ್ಪತ್ರೆಯಿಂದ ಶವಗಳು ಬಂದವು. 1884ರ ಜನವರಿಯಲ್ಲಿ ಅಲ್ಪವಿರಾಮ ಚಿಹ್ನೆಯಷ್ಟು ಬಾಗಿದ ಬ್ಯಾಸಿಲಸ್ ಅನ್ನು ಅವನು ಬೇರೆ ಸೂಕ್ಷ್ಮಜೀವಿಗಳಿಂದ ಬಿಡಿಸಿ ಬೆಳೆಸಿದ. ಫ್ಲಾರೆನ್ಸಿನ ಫಿಲಿಪ್ಪೋ ಪಾಚೀನಿ 1854ರಲ್ಲೇ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದಿದ್ದ. ಯಾರೂ ಓದಿರಲಿಲ್ಲ. ಬೇಲಿಯಾಘಾಟಾದ ಸಾಹೇಬ್ ಬಾಗಾನಿನ ಕೆರೆಯ ನೀರಿನಲ್ಲೂ ಕಾಖ್ ಅದೇ ಬ್ಯಾಸಿಲಸ್ ತೋರಿಸಿದ. ದಡದ ಜನ ಆ ನೀರಲ್ಲೇ ಮೀಯುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಅದನ್ನೇ ಕುಡಿಯುತ್ತಿದ್ದರು.

ಇಲ್ಲಿಯವರೆಗಿನ ಕಥೆ ಎಲ್ಲರಿಗೂ ಗೊತ್ತು. ಕಾಖ್ ಕಲ್ಕತ್ತಾದಲ್ಲಿ ಏನನ್ನು ಮಾಡಲಾಗದೆ ಹೋದ ಎಂಬುದರಲ್ಲಿ ನನಗೆ ಹೆಚ್ಚು ಆಸಕ್ತಿ. ಒಂದು ಸೂಕ್ಷ್ಮಜೀವಿಯೇ ರೋಗಕ್ಕೆ ಕಾರಣ ಎನ್ನಬೇಕಾದರೆ ಅದನ್ನು ಪ್ರಾಣಿಗೆ ಕೊಟ್ಟು ಅದೇ ರೋಗ ತರಿಸಿ ತೋರಿಸಬೇಕು. ಇದು ಅವನೇ ಹಾಕಿಕೊಟ್ಟ ನಿಯಮ. ಇಲಿಗೆ ಕೊಟ್ಟ, ಮಂಗಕ್ಕೆ ಕೊಟ್ಟ, ಬೆಕ್ಕು ನಾಯಿಗಳಿಗೂ ಕೊಟ್ಟ. ಯಾವುದಕ್ಕೂ ಕಾಲರಾ ಬರಲಿಲ್ಲ. ಇನ್ನೊಂದು ವಿಚಿತ್ರವನ್ನೂ ಅವನು ಗಮನಿಸಿದ್ದ. ಬ್ಯಾಸಿಲಸ್ ಕರುಳಿನಲ್ಲಿ ಮಾತ್ರ ಇದೆ, ರಕ್ತದಲ್ಲಿಲ್ಲ, ಬೇರೆ ಅಂಗಗಳಲ್ಲೂ ಇಲ್ಲ. ಹಾಗಿದ್ದರೆ ಅದು ಕರುಳಿನೊಳಗೆ ಯಾವುದೋ ವಿಷ ಬಿಡುತ್ತಿರಬೇಕು ಎಂದು ಊಹಿಸಿದ. ಊಹೆ ಸರಿಯಾಗಿತ್ತು. ಆ ವಿಷ ರಕ್ತಕ್ಕೆ ಸೇರಿ ಮೈಯೆಲ್ಲ ಕೆಡಿಸುತ್ತದೆ ಎಂದು ಮುಂದಿನವರು ತಿಳಿದದ್ದು ಮಾತ್ರ ದಾರಿ ತಪ್ಪಿಸಿತು.

1892ರಲ್ಲಿ ರಿಚರ್ಡ್ ಫೈಫರ್ ಬ್ಯಾಕ್ಟೀರಿಯಾವನ್ನು ಗಿನಿಪಿಗ್‌ಗಳ ಹೊಟ್ಟೆಯ ಪೊರೆಯೊಳಕ್ಕೆ ಚುಚ್ಚಿದ. ಅವು ಸತ್ತವು. ಸತ್ತ ಬ್ಯಾಕ್ಟೀರಿಯಾ ಚುಚ್ಚಿದರೂ ಸತ್ತವು. ಅಂದರೆ ವಿಷ ಬ್ಯಾಕ್ಟೀರಿಯಾದ ಮೈಯೊಳಗೇ ಇದೆ, ಅದು ಸತ್ತು ಒಡೆದಾಗ ಹೊರಗೆ ಬರುತ್ತದೆ ಎಂದು ಫೈಫರ್ ತೀರ್ಮಾನಿಸಿದ. ಪ್ರಯೋಗದಲ್ಲಿ ಲೋಪವಿರಲಿಲ್ಲ. ಆದರೆ ಆ ಗಿನಿಪಿಗ್‌ಗಳಿಗೆ ಬಂದದ್ದು ಕಾಲರಾ ಅಲ್ಲ. ಅವಕ್ಕೆ ಭೇದಿಯೇ ಆಗಿರಲಿಲ್ಲ! ಭೇದಿಯಿಲ್ಲದ ಕಾಲರಾವನ್ನು ಮುಂದಿಟ್ಟುಕೊಂಡು ಪಾಶ್ಚಾತ್ಯ ಪ್ರಯೋಗಶಾಲೆಗಳು ಅರ್ಧ ಶತಮಾನ ಕೆಲಸ ಮಾಡಿದವು.

ಅದೇ 1892ರ ಅಕ್ಟೋಬರಿನಲ್ಲಿ ಮ್ಯೂನಿಕ್ಕಿನ ಮುದುಕ ಪೆಟ್ಟೆನ್‌ಕೋಫರ್, ಕಾಖ್ ಹೇಳುವುದೆಲ್ಲ ಸುಳ್ಳು ಎಂದು ತೋರಿಸಲು, ಜೀವಂತ ಬ್ಯಾಕ್ಟೀರಿಯಾದ ಸಾರನ್ನೇ ಕುಡಿದುಬಿಟ್ಟ. ಹೊಟ್ಟೆಯ ಆಮ್ಲ ಅಡ್ಡಬರದಿರಲಿ ಎಂದು ಸೋಡಾ ಕೂಡ ಬೆರೆಸಿಕೊಂಡಿದ್ದ. ಅವನಿಗೆ 73 ವರ್ಷ. ಸ್ವಲ್ಪ ಭೇದಿಯಾಗಿ ಬದುಕಿಕೊಂಡ. ತಾನೇ ಗೆದ್ದೆ ಎಂದುಕೊಂಡ. ಗೆದ್ದದ್ದು ಅವನ ವಾದವಲ್ಲ, ಅವನ ಪುಣ್ಯ.

ವಿಷ ರಕ್ತದಲ್ಲಿದೆ ಎಂಬ ನಂಬಿಕೆಯ ಒಂದು ಎಳೆ ನಮ್ಮ ಜಾತ್ರೆಗಳವರೆಗೂ ಬಂದಿತ್ತು. ಹಾಫ್‌ಕಿನ್ 1894ರಲ್ಲಿ ಕಲ್ಕತ್ತಾದ ಬಸ್ತಿಗಳಲ್ಲಿ ಕಾಲರಾ ಲಸಿಕೆ ಚುಚ್ಚಿದ. ಅದರ ಸಂತತಿಯ ಸೂಜಿಗಳು ಎಪ್ಪತ್ತು ಎಂಬತ್ತು ವರ್ಷ ನಡೆದವು. ನಾನು ಹುಡುಗನಾಗಿದ್ದಾಗ ಜಾತ್ರೆಗೆ ಹೊರಟವರನ್ನು ದಾರಿಯಲ್ಲೇ ತಡೆದು ಹೆಲ್ತ್ ಇನ್‌ಸ್ಪೆಕ್ಟರರು ತೋಳಿಗೆ ಸೂಜಿ ಹಾಕುತ್ತಿದ್ದರು. ತಪ್ಪಿಸಿಕೊಳ್ಳಲು ಜನ ಕಬ್ಬಿನ ಗದ್ದೆಯೊಳಗೆ ನುಸುಳುತ್ತಿದ್ದರು. ತೋಳು ಊದಿ ಜ್ವರ ಬರುತ್ತಿತ್ತೇ ಹೊರತು ರಕ್ಷಣೆ ಅರೆಬರೆ, ಅದೂ ಕೆಲವೇ ತಿಂಗಳು. ರಕ್ತದಲ್ಲಿ ಪ್ರತಿಕಾಯ ಎಷ್ಟಿದ್ದರೇನು, ಶತ್ರು ಕೂತಿರುವುದು ಕರುಳಿನ ಪೊಳ್ಳಿನಲ್ಲಿ. 1973ರಲ್ಲಿ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳಿಂದ ಕಾಲರಾ ಸೂಜಿಯ ಸರ್ಟಿಫಿಕೇಟ್ ಕೈಬಿಟ್ಟರು. ಈಗಿನ ಕಾಲರಾ ಲಸಿಕೆಯನ್ನು ಬಾಯಿಗೇ ಹಾಕುತ್ತಾರೆ.

ಇನ್ನು ಕರುಳಿನ ಕಡೆ ನೋಡಿದವರು ಕಂಡದ್ದು ಬೇರೆಯೇ. ಶವ ಕೊಯ್ದಾಗ ಕರುಳಿನ ಒಳಪದರ ಚಕ್ಕೆಚಕ್ಕೆಯಾಗಿ ಕಳಚಿ ಬರುತ್ತಿತ್ತು. ಭೇದಿ ಅಕ್ಕಚ್ಚಿನ ಬಣ್ಣದ್ದು, ಅದರಲ್ಲಿ ತೇಲುವ ಬಿಳಿ ತುಣುಕುಗಳು ಈ ಪದರದ ಚೂರುಗಳೇ ಎಂದು ಜರ್ಮನಿಯ ಮಹಾ ಪೆಥಾಲಜಿಸ್ಟ್ ವಿರ್ಶೋ ಹೇಳಿದ. ಒಳಪದರವೇ ಕಿತ್ತುಹೋದರೆ ನೀರು ಸೋರದೆ ಇನ್ನೇನಾದೀತು? ಅದು ಸತ್ತ ಮೇಲೆ ಆಗುವ ಬದಲಾವಣೆ ಇರಬಹುದೆಂದು ಅವನ ಶಿಷ್ಯ ಕೋನ್‌ಹೈಮ್ ಎಚ್ಚರಿಸಿದ್ದ. ಬಿಸಿಲಿನ ನಾಡಿನಲ್ಲಿ ಶವದ ಕರುಳು ಎಷ್ಟು ಬೇಗ ಕೆಡುತ್ತದೆಂದು ಪೋಸ್ಟ್‌ಮಾರ್ಟಂ ಕೋಣೆಯಲ್ಲಿ ಒಂದು ಬೇಸಿಗೆ ಕಳೆದ ಯಾರಿಗಾದರೂ ಗೊತ್ತು. ಆದರೆ ವಿರ್ಶೋನ ಹೆಸರು ದೊಡ್ಡದು. ಕರುಳು ಕಿತ್ತುಹೋಗಿದೆ ಎಂದ ಮೇಲೆ ರೋಗಿಯ ಬಾಯಿಗೆ ನೀರು ಹಾಕುವುದು ವ್ಯರ್ಥ, ಅಪಾಯ ಕೂಡ. ನೀರು ಕೊಡಬೇಡಿ, ಕರುಳಿಗೆ ವಿಶ್ರಾಂತಿ ಕೊಡಿ. ಬಾಯಾರಿ ಬಾಯಾರಿ ಸಾಯುತ್ತಿದ್ದವರ ಹಾಸಿಗೆಯ ಪಕ್ಕ ವೈದ್ಯರು ಈ ಮಾತನ್ನು ತಲೆಮಾರುಗಟ್ಟಲೆ ಹೇಳಿದರು. ವೈದ್ಯಶಾಸ್ತ್ರದ ಇತಿಹಾಸದಲ್ಲಿ ಇಷ್ಟು ಕ್ರೂರವಾದ ತಪ್ಪು ತಿಳಿವಳಿಕೆ ನನಗೆ ಇನ್ನೊಂದು ನೆನಪಾಗುತ್ತಿಲ್ಲ.

ನೀರು ಬಾಯಿಗಲ್ಲದಿದ್ದರೆ ರಕ್ತನಾಳಕ್ಕೆ. ಅದು ಹೊಳೆದದ್ದು ಬಹಳ ಮೊದಲೇ, 1832ರಲ್ಲಿ. ಇಂಗ್ಲೆಂಡಿನಲ್ಲಿ ಒಷಾಗ್ನೆಸಿ ಎಂಬ ಯುವ ವೈದ್ಯ ರೋಗಿಗಳ ರಕ್ತ ಪರೀಕ್ಷಿಸಿ, ನೀರೂ ಉಪ್ಪೂ ಬರಿದಾಗಿವೆ ಎಂದ. ಸ್ಕಾಟ್ಲೆಂಡಿನ ಥಾಮಸ್ ಲಾಟ್ಟಾ ಉಪ್ಪುನೀರನ್ನು ರಕ್ತನಾಳಕ್ಕೆ ಹರಿಸಿಯೇ ಬಿಟ್ಟ. ಕೆಲವರು ಎದ್ದು ಕೂತರು. ನಂತರ ಅದನ್ನು ಎಲ್ಲರೂ ಮರೆತರು. ಒಷಾಗ್ನೆಸಿ ಮರುವರ್ಷ ಕಲ್ಕತ್ತಾಕ್ಕೇ ಬಂದು ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ, ಆಮೇಲೆ ದೇಶಕ್ಕೆ ಟೆಲಿಗ್ರಾಫ್ ತಂತಿ ಎಳೆಸಿದ. ಕಾಲರಾದ ತವರಿನಲ್ಲೇ ಇದ್ದೂ ತನ್ನ ಉಪ್ಪುನೀರಿಗೆ ಅವನು ಮರಳಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದೇ ಕಲ್ಕತ್ತಾದಲ್ಲಿ ಲಿಯೊನಾರ್ಡ್ ರೋಜರ್ಸ್ ಗಾಢ ಉಪ್ಪುನೀರಿನ ಡ್ರಿಪ್ ಹಚ್ಚಿ ಸಾವಿನ ಪ್ರಮಾಣವನ್ನು ಅರ್ಧದಷ್ಟು ಇಳಿಸಿದ. ಡ್ರಿಪ್ಪಿಗೆ ಬಾಟಲಿ ಬೇಕು, ಶುದ್ಧ ನೀರು ಬೇಕು, ರಕ್ತನಾಳ ಹುಡುಕುವ ಕೈ ಬೇಕು. ಕಾಲರಾ ಬರುತ್ತಿದ್ದದ್ದು ಇವು ಯಾವುವೂ ಇಲ್ಲದ ಊರುಗಳಿಗೆ.

ಇನ್ನು ಶಂಭುನಾಥ ದೇ.

1915ರಲ್ಲಿ ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ 1939ರಲ್ಲಿ ಎಂ.ಬಿ. ಮುಗಿಸಿ, ಮುಂದೆ ಲಂಡನ್ನಿಗೆ ಹೋಗಿ ಸರ್ ರಾಯ್ ಕ್ಯಾಮರನ್ ಅವರ ಕೈಕೆಳಗೆ 1949ರಲ್ಲಿ ಪಿಎಚ್.ಡಿ. ಪಡೆದರು. ಅಲ್ಲಿ ಅವರು ಮಾಡಿದ ಕೆಲಸ ಕಾಲರಾಕ್ಕೆ ಸಂಬಂಧಿಸಿದ್ದಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು ಹೇಗೆ ಎಂಬ ವಿಷಯದಲ್ಲಿ ಗುರು ಶಿಷ್ಯರಿಬ್ಬರೂ ಸೇರಿ ಲೇಖನ ಬರೆದರು. ದೇ ಅವರ ಜೀವನಚರಿತ್ರೆ ಹೇಳುವವರು ಈ ಸಾಲನ್ನು ಬೇಗ ದಾಟಿಬಿಡುತ್ತಾರೆ. ನನಗೆ ಎಲ್ಲ ಗುಟ್ಟೂ ಇಲ್ಲೇ ಇದೆ ಅನ್ನಿಸುತ್ತದೆ. ಅವರು ಬ್ಯಾಕ್ಟೀರಿಯಾದ ಬೆನ್ನು ಹತ್ತಿ ಕಾಲರಾಕ್ಕೆ ಬಂದವರಲ್ಲ. ಇರಬಾರದ ಜಾಗಕ್ಕೆ ನೀರು ಯಾಕೆ ಬರುತ್ತದೆ ಎಂಬ ಪ್ರಶ್ನೆ ಹಿಡಿದುಕೊಂಡು ಬಂದ ಪೆಥಾಲಜಿಸ್ಟ್. ಸಿಯಾಲ್ದಾದ ನೀಲರತನ್ ಸರ್ಕಾರ್ ಮೆಡಿಕಲ್ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಕಾಖ್‌ಗೆ ಶವ ಕೊಟ್ಟಿದ್ದ ಹಳೆಯ ಸಿಯಾಲ್ದಾ ಆಸ್ಪತ್ರೆಯೇ ಬೆಳೆದು, ಹೆಸರು ಬದಲಿಸಿಕೊಂಡು ಈ ಕಾಲೇಜಾಗಿತ್ತು. ವಾರ್ಡಿನ ತುಂಬ ಕಾಲರಾ.

ಉಪಕರಣ ಅಂತ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಇದ್ದದ್ದು ಮೊಲ, ರೇಷ್ಮೆ ದಾರ, ಸಿರಿಂಜು. ದೇ ಮತ್ತು ಅವರ ಸಹೋದ್ಯೋಗಿ ಡಿ. ಎನ್. ಚಟರ್ಜಿ ಮೊಲವನ್ನು ಒಂದು ದಿನ ಉಪವಾಸ ಕೆಡವಿ, ಹೊಟ್ಟೆ ಬಿಡಿಸಿ, ಸಣ್ಣ ಕರುಳಿನಲ್ಲಿ ಸುಮಾರು ನಾಲ್ಕು ಇಂಚಿನಷ್ಟು ಜಾಗದ ಎರಡೂ ತುದಿಗೆ ದಾರ ಕಟ್ಟಿದರು. ರಕ್ತನಾಳಗಳನ್ನು ಮುಟ್ಟಲಿಲ್ಲ, ಹಾಗಾಗಿ ಆ ತುಂಡು ಜೀವಂತವಾಗಿಯೇ ಇರುತ್ತಿತ್ತು. ಅದರೊಳಕ್ಕೆ ಒಂದು ಮಿಲಿಲೀಟರಿನಷ್ಟು ಕಾಲರಾ ಸಾರು ಚುಚ್ಚಿ, ಹೊಟ್ಟೆ ಹೊಲಿದು, ಮಾರನೆಯ ದಿನ ತೆರೆದು ನೋಡಿದರು. ಕಟ್ಟಿದ ತುಂಡು ಬಿಗಿದು ಊದಿಕೊಂಡಿತ್ತು. ಒಳಗೆ ತುಂಬಿದ್ದದ್ದು ವಾರ್ಡಿನ ಬಕೆಟ್ಟುಗಳಲ್ಲಿ ಇರುತ್ತಿದ್ದ ಅದೇ ಅಕ್ಕಚ್ಚು. ಪಕ್ಕದ ತುಂಡಿಗೆ ಬರಿಯ ಪೋಷಕ ದ್ರವ ಹಾಕಿದ್ದರು, ಅದು ಚಪ್ಪಟೆಯಾಗಿಯೇ ಇತ್ತು. ಇಷ್ಟೇ ಪ್ರಯೋಗ. 1953ರಲ್ಲಿ ಪ್ರಕಟವಾಯಿತು.

ಕಾಖ್ ಏರದೆ ಬಿಟ್ಟುಹೋದ ಮೆಟ್ಟಿಲು ಇದು. ಪ್ರಾಣಿಗೆ ಬಾಯಿಯಿಂದ ಕೊಟ್ಟರೆ ಹೊಟ್ಟೆಯ ಆಮ್ಲ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಉಳಿದದ್ದನ್ನು ಕರುಳಿನ ಅಲುಗಾಟ ಮುಂದಕ್ಕೆ ತಳ್ಳುತ್ತದೆ. ದೇ ಆಮ್ಲದಿಂದ ಆಚೆಗೆ ನೇರ ಕರುಳಿಗೇ ಹೋದರು, ದಾರ ಕಟ್ಟಿ ತಳ್ಳುವುದನ್ನೂ ನಿಲ್ಲಿಸಿದರು. 1915ರಲ್ಲೇ ಇಂಥದೇ ಪ್ರಯೋಗವೊಂದು ನಡೆದು ಮರೆತುಹೋಗಿತ್ತು, ದೇ ಅವರಿಗೆ ಅದರ ಸುಳಿವಿರಲಿಲ್ಲ. ಮೊದಲು ಯಾರು ಎಂಬ ಲೆಕ್ಕ ಹಾಕುವವರು ಹಾಕಲಿ. ಕೈಯಲ್ಲಿದ್ದ ಪ್ರಯೋಗವನ್ನು ಮುಂದಿನ ಪ್ರಶ್ನೆಗೆ ಒಯ್ದವರು ದೇ.

ಮುಂದಿನ ಪ್ರಶ್ನೆ ಸರಳ: ನೀರು ಸುರಿಸುವುದು ಬ್ಯಾಕ್ಟೀರಿಯಾವೋ, ಅದು ಬಿಟ್ಟ ವಸ್ತುವೋ? ಬ್ಯಾಕ್ಟೀರಿಯಾ ಬೆಳೆಸಿದ ಸಾರನ್ನು ಸೋಸಿ, ಒಂದೇ ಒಂದು ಬ್ಯಾಕ್ಟೀರಿಯಾವೂ ಇಲ್ಲದ ತಿಳಿಯನ್ನು ಮೊಲದ ಕರುಳಿಗೆ ಹಾಕಿದರು. ಕರುಳು ಊದಿತು. ಬ್ಯಾಕ್ಟೀರಿಯಾ ಜೀವಂತವಾಗಿದ್ದಾಗಲೇ ಹೊರಕ್ಕೆ ಬಿಡುವ ವಿಷ ಇದು, ಫೈಫರ್ ಹೇಳಿದಂತೆ ಸತ್ತು ಒಡೆದಾಗ ಬರುವುದಲ್ಲ. ಅದು ರಕ್ತಕ್ಕೆ ಸೇರಬೇಕಾಗಿಲ್ಲ, ಕರುಳಿನ ಒಳಮೈಗೆ ತಾಗಿದರೆ ಸಾಕು. 1959ರ ಮೇ 30ರ 'ನೇಚರ್' ಸಂಚಿಕೆಯಲ್ಲಿ ಎರಡು ಪುಟವನ್ನೂ ತುಂಬದ ಆ ಟಿಪ್ಪಣಿ ಬಂತು. ಲೇಖಕರು ಒಬ್ಬರೇ, ಎಸ್. ಎನ್. ದೇ. ಆ ಹೊತ್ತಿಗೆ ಅವರು ಮೆಡಿಕಲ್ ಕಾಲೇಜಿಗೆ, ಕಾಖ್ ಕೂತು ಕೆಲಸ ಮಾಡಿದ್ದ ಕಾಲೇಜಿಗೇ, ಬಂದು ನಾಲ್ಕು ವರ್ಷವಾಗಿತ್ತು. ಅದೇ ವರ್ಷ ಮುಂಬಯಿಯ ಹಾಫ್‌ಕಿನ್ ಇನ್‌ಸ್ಟಿಟ್ಯೂಟಿನಲ್ಲಿ ಎನ್. ಕೆ. ದತ್ತಾ ಮತ್ತು ಅವರ ಜೊತೆಯವರು ಮೊಲದ ಮರಿಗಳಿಗೆ ಬಾಯಿಯಿಂದಲೇ ಕೊಟ್ಟು ಕಾಲರಾದಂಥ ಭೇದಿ ತರಿಸಿದರು. ಬೇರೆ ದಾರಿ, ಅದೇ ವಿಷ.

ಇನ್ನೊಂದು ಕಡೆ ಬ್ಯಾಂಕಾಕಿನ ಪಿಡುಗಿನಲ್ಲಿ ಅಮೆರಿಕದ ಗಾಂಗರೋಸಾ ಮತ್ತು ತಂಡ, ಜೀವಂತ ರೋಗಿಗಳಿಗೆ ನಳಿಕೆ ಕಟ್ಟಿದ ಸಣ್ಣ ಲೋಹದ ಗುಳಿಗೆ ನುಂಗಿಸಿ, ಕರುಳಿನ ಒಳಪದರದ ಚೂರು ಚಿವುಟಿ ತಂದರು. 1960ರಲ್ಲಿ ಪ್ರಕಟಿಸಿದರು. ಒಳಪದರ ಗಟ್ಟಿಮುಟ್ಟಾಗಿತ್ತು, ಒಂದು ಕಣವೂ ಕಿತ್ತುಹೋಗಿರಲಿಲ್ಲ. ವಿರ್ಶೋ ನೋಡಿದ್ದು ಸಾವನ್ನು, ರೋಗವನ್ನಲ್ಲ.

ಅಲ್ಲಿಂದ ಮುಂದೆ ಕೆಲಸ ಬಿರುಸಾಯಿತು. 1969ರಲ್ಲಿ ಫಿಂಕೆಲ್‌ಸ್ಟೀನ್ ಮತ್ತು ಲೊಸ್ಪಲ್ಲೂಟೊ ವಿಷವನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಉಳಿದ ಹೆಸರುಗಳನ್ನು ಬಿಟ್ಟು, ಕರುಳಿನೊಳಗೆ ನಡೆಯುವುದನ್ನು ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಕ್ರಮದಲ್ಲೇ ಹೇಳುತ್ತೇನೆ. ಕೊಳಕು ನೀರಿನ ಜೊತೆ ಒಳಗೆ ಹೋದ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಜಠರದ ಆಮ್ಲದಲ್ಲೇ ಸಾಯುತ್ತವೆ. ಆರೋಗ್ಯವಂತನಿಗೆ ರೋಗ ಬರಬೇಕಾದರೆ ಹತ್ತು ಕೋಟಿಯಷ್ಟಾದರೂ ನುಂಗಬೇಕು. ಆಮ್ಲ ಕಡಿಮೆಯಿದ್ದವನಿಗೆ ಕೆಲವು ಸಾವಿರವೋ ಲಕ್ಷವೋ ಸಾಕು. ಅಸಿಡಿಟಿ ಮಾತ್ರೆ ನುಂಗುವವರಿಗೆ ಹೊಟ್ಟೆಯ ಸೋಂಕು ಸುಲಭವಾಗಿ ತಗಲುವುದು ಇದರಿಂದಲೇ. ಬದುಕುಳಿದವು ಸಣ್ಣ ಕರುಳಿಗೆ ಬಂದು, ಬಾಲದ ಒಂದೇ ಎಳೆಯನ್ನು ತಿರುಗಿಸುತ್ತ, ಲೋಳೆಯನ್ನು ಕರಗಿಸಿಕೊಂಡು ಜೀವಕೋಶಗಳ ಮೇಲ್ಮೈಗೆ ಈಜುತ್ತವೆ. ಸುತ್ತಲ ಬಿಸಿ, ಪಿತ್ತರಸ ಎಲ್ಲ ಬದಲಾದದ್ದು ಅವಕ್ಕೆ ತಿಳಿಯುತ್ತದೆ. ನೀರಿನಲ್ಲಿ ಮುಚ್ಚಿಟ್ಟುಕೊಂಡಿದ್ದ ಜೀನ್‌ಗಳು ಒಂದರ ಹಿಂದೊಂದು ಎಚ್ಚರಗೊಳ್ಳುತ್ತವೆ. ಮೊದಲು ಕೂದಲೆಳೆಯಂಥ ಪಿಲಸ್‌ಗಳು ಹೊರಬರುತ್ತವೆ. ಅವುಗಳಿಂದ ಒಂದನ್ನೊಂದು ಹಿಡಿದುಕೊಂಡು ಬ್ಯಾಕ್ಟೀರಿಯಾಗಳು ಅಲ್ಲಲ್ಲಿ ಗುಂಪು ಕಟ್ಟುತ್ತವೆ. ಆಮೇಲೆ ವಿಷ.

ವಿಷದ ಅಣುವಿಗೆ ಎರಡು ಭಾಗ. ಐದು ತುಣುಕುಗಳ ಒಂದು ಉಂಗುರ, ಅದಕ್ಕೆ ಸಿಕ್ಕಿಸಿದ ಇನ್ನೊಂದು ತುಣುಕು. ಕರುಳಿನ ಜೀವಕೋಶದ ಹೊರಮೈಯಲ್ಲಿರುವ ಜಿಎಂ1 ಎಂಬ ಕೊಬ್ಬು-ಸಕ್ಕರೆಯ ಅಣುವನ್ನು ಉಂಗುರ ಹಿಡಿದುಕೊಳ್ಳುತ್ತದೆ. ಜೀವಕೋಶ ಅದನ್ನು ತನ್ನದೇ ಸರಕು ಎಂದು ಒಳಗೆಳೆದುಕೊಳ್ಳುತ್ತದೆ. ಒಳಗೆ ಸಿಕ್ಕಿಸಿದ್ದ ತುಣುಕು ಬಿಡಿಸಿಕೊಂಡು ಒಂದೇ ಒಂದು ಕೆಲಸ ಮಾಡುತ್ತದೆ. ಜೀವಕೋಶದಲ್ಲಿ ಸಂದೇಶ ಬಂದಾಗ ಹೊತ್ತಿ, ಕೆಲಸ ಮುಗಿದಾಗ ಆರುವ ಜಿ-ಪ್ರೋಟೀನ್ ಒಂದಿದೆ. ಅದಕ್ಕೆ ಸಣ್ಣದೊಂದು ರಾಸಾಯನಿಕ ತುಂಡನ್ನು ಅಂಟಿಸುತ್ತದೆ, ಅಷ್ಟೆ. ಹೊಲದ ಬೋರ್‌ವೆಲ್ಲಿನ ಸ್ಟಾರ್ಟರ್ ಗುಂಡಿ ಒಳಗೇ ಸಿಕ್ಕಿಕೊಂಡರೆ ಮೋಟಾರು ಹೇಗೆ ನಿಲ್ಲದೆ ಎತ್ತುತ್ತದೋ ಹಾಗೆ ಆ ಪ್ರೋಟೀನ್ ಇನ್ನು ಆರುವುದಿಲ್ಲ. ಸೈಕ್ಲಿಕ್ ಎಎಂಪಿ ಎಂಬ ಸಂದೇಶದ ಅಣು ಏರುತ್ತಲೇ ಹೋಗುತ್ತದೆ. ಕ್ಲೋರೈಡಿನ ಬಾಗಿಲು ತೆರೆದೇ ಉಳಿಯುತ್ತದೆ. ಕ್ಲೋರೈಡ್ ಹೊರಗೆ ಹೋದ ಕಡೆ ಸೋಡಿಯಂ ಹೋಗುತ್ತದೆ, ಸೋಡಿಯಂ ಹೋದ ಕಡೆ ನೀರು. ಗಂಟೆಗೆ ಒಂದು ಲೀಟರಿನವರೆಗೂ. ಕಣ್ಣು ಗುಳಿಬಿದ್ದು, ಕೈ ಬೆರಳಿನ ಚರ್ಮ ಸುಕ್ಕಾಗಿ, ಮೀನಖಂಡ ಸೆಟೆದು, ನಾಡಿ ಸಿಗದಂತಾಗಿ ಮನುಷ್ಯ ಸಾಯುತ್ತಾನೆ. ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಗೆ ಉತ್ತರ ಇದೇ. ಕರುಳು ಕೆಟ್ಟದ್ದರಿಂದಲ್ಲ, ಕೆಡದ ಕರುಳು ಬಿಡುವಿಲ್ಲದೆ ದುಡಿದದ್ದರಿಂದ.

ಬ್ಯಾಕ್ಟೀರಿಯಾಕ್ಕೆ ಇದರಿಂದ ಲಾಭವಿದೆ. ಗುಂಪು ದಟ್ಟವಾದಾಗ ಅವು ಪರಸ್ಪರ ರಾಸಾಯನಿಕ ಸುಳಿವಿನಿಂದ ಅದನ್ನು ತಿಳಿದು, ವಿಷದ ಜೀನ್‌ಗಳನ್ನು ಆರಿಸಿ, ಹಿಡಿತ ಬಿಟ್ಟು, ತಾವೇ ಸೃಷ್ಟಿಸಿದ ಪ್ರವಾಹದಲ್ಲಿ ಹೊರಕ್ಕೆ ಹೋಗುತ್ತವೆ. ಹಾಗೆ ಹೊರಬಂದವು ಕೆಲಹೊತ್ತು ಹೆಚ್ಚು ಸೋಂಕುಕಾರಿ ಆಗಿರುತ್ತವೆ. ಸಾಹೇಬ್ ಬಾಗಾನಿನ ಕೆರೆಯಲ್ಲಿ ಒಗೆದ ಒಂದು ಬಟ್ಟೆ ಏನು ಮಾಡಬಲ್ಲದೆಂದು ಇದರಿಂದ ಅಂದಾಜಾಗುತ್ತದೆ.

ಒಂದು ತಮಾಷೆ 1996ರಲ್ಲಿ ಹೊರಬಿತ್ತು. ವಾಲ್ಡೋರ್ ಮತ್ತು ಮೆಕಲಾನೋಸ್ ತೋರಿಸಿಕೊಟ್ಟಂತೆ, ವಿಷದ ಜೀನ್ ಈ ಬ್ಯಾಕ್ಟೀರಿಯಾದ ಸ್ವಂತ ಆಸ್ತಿಯೇ ಅಲ್ಲ. ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್ ಒಂದು ಅದನ್ನು ಹೊತ್ತು ತರುತ್ತದೆ. ಆ ವೈರಸ್ ಒಳನುಗ್ಗುವುದು, ಬ್ಯಾಕ್ಟೀರಿಯಾ ಮನುಷ್ಯನ ಕರುಳಿನಲ್ಲಿ ಗುಂಪು ಕಟ್ಟಲು ಹೊರಗೆ ಚಾಚುವ ಅದೇ ಪಿಲಸ್ ಹಿಡಿದು. ಅಂದರೆ ಮನುಷ್ಯನಿಗೆ ಕಾಲರಾ ಬರಬೇಕಾದರೆ ಮೊದಲು ಕಾಲರಾ ಬ್ಯಾಕ್ಟೀರಿಯಾಕ್ಕೆ ಸೋಂಕು ತಗಲಿರಬೇಕು.

ಮತ್ತೆ ನೀರಿನ ಮಾತಿಗೆ. ಕರುಳು ಕಿತ್ತುಹೋಗಿಲ್ಲವೆಂದರೆ ಅದು ಹೀರಿಕೊಳ್ಳಲೂಬೇಕಲ್ಲ? 1953ರಲ್ಲಿ, ದೇ ತಮ್ಮ ಮೊಲಗಳ ಲೇಖನ ಪ್ರಕಟಿಸಿದ ಅದೇ ವರ್ಷ, ಕಲ್ಕತ್ತಾದ ಹೇಮೇಂದ್ರನಾಥ ಚಟರ್ಜಿ 'ಲ್ಯಾನ್ಸೆಟ್'ನಲ್ಲಿ ಬರೆದಿದ್ದರು. ತೀವ್ರವಲ್ಲದ ಕಾಲರಾ ರೋಗಿಗಳಿಗೆ ವಾಂತಿ ನಿಲ್ಲುವ ಮಾತ್ರೆ, ಒಂದು ಎಲೆಯ ರಸ, ಜೊತೆಗೆ ಉಪ್ಪು ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ ಡ್ರಿಪ್ ಇಲ್ಲದೆ ಗುಣಪಡಿಸಿದ್ದರು. ಆ ಎಲೆ ನಮ್ಮ ಹಿತ್ತಲಿನ ದೊಡ್ಡಪತ್ರೆ. ಲೇಖನವನ್ನು ಯಾರೂ ಗಂಭೀರವಾಗಿ ಎತ್ತಿಕೊಳ್ಳಲಿಲ್ಲ. ಎಲೆಯ ರಸದ ಹೆಸರು ಕೇಳಿ ಮೂಗು ಮುರಿದವರೂ ಇದ್ದಿರಬೇಕು. ನಿಜವಾದ ಕೆಲಸ ಮಾಡಿದ್ದು ಗ್ಲೂಕೋಸ್. 1960ರಲ್ಲಿ ರಾಬರ್ಟ್ ಕ್ರೇನ್ ವಿವರಿಸಿದ ಹಾಗೆ, ಕರುಳಿನ ಜೀವಕೋಶದಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಮಾತ್ರ ಒಳಬರುವ ಬೇರೊಂದು ದಾರಿಯಿದೆ. ಕಾಲರಾ ವಿಷ ಆ ದಾರಿಯನ್ನು ಮುಟ್ಟುವುದಿಲ್ಲ. ಒಂದು ಬಾಗಿಲಿನಿಂದ ನೀರು ಸುರಿಯುತ್ತಿರುವಾಗಲೇ ಇನ್ನೊಂದರಿಂದ ಒಳಗೆ ಕಳಿಸಬಹುದು. ಕರುಳಿನ ಒಳಪದರ ನಾಲ್ಕೈದು ದಿನಕ್ಕೊಮ್ಮೆ ತಾನಾಗಿಯೇ ಹೊಸದಾಗುತ್ತದೆ. ಅಷ್ಟು ದಿನ ರೋಗಿಯನ್ನು ಒಣಗದಂತೆ ನೋಡಿಕೊಂಡರೆ ವಿಷ ತಗಲಿದ ಜೀವಕೋಶಗಳೇ ಉದುರಿಹೋಗುತ್ತವೆ.

1968ರಲ್ಲಿ ಢಾಕಾದಲ್ಲಿ ನಲಿನ್ ಮತ್ತು ಕ್ಯಾಶ್ ಎಂಬಿಬ್ಬರು ಅಮೆರಿಕನ್ ಯುವಕರು ಇದನ್ನು ವಾರ್ಡಿನಲ್ಲಿ ಮಾಡಿ ತೋರಿಸಿದರು. ಕಲ್ಕತ್ತಾದಲ್ಲೂ ಅದೇ ಕೆಲಸ ನಡೆದಿತ್ತು. ಆದರೂ ಹಿರಿಯರಿಗೆ ಧೈರ್ಯ ಬರಲಿಲ್ಲ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಲಕ್ಷಾಂತರ ಜನ ಗಡಿ ದಾಟಿ ಬಂದಾಗ ಬನಗಾಂವಿನ ಸಣ್ಣ ಆಸ್ಪತ್ರೆಗೆ ದಿಲೀಪ್ ಮಹಲಾನಬಿಸ್ ಹೋದರು. ನೆಲದ ತುಂಬ ರೋಗಿಗಳು. ಡ್ರಿಪ್ ಬಾಟಲಿ ಬೇಗ ಮುಗಿಯಿತು. ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡಾ. ಕಲ್ಕತ್ತಾದ ತಮ್ಮ ಕೇಂದ್ರದ ಲೈಬ್ರರಿ ಕೋಣೆಯಲ್ಲಿ ಪೊಟ್ಟಣ ಕಟ್ಟಿಸಿ ತರಿಸಿ, ರೋಗಿಗಳ ಬಂಧುಗಳ ಕೈಗೇ ಲೋಟ ಕೊಟ್ಟರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವು 3.6ಕ್ಕೆ ಇಳಿಯಿತು. ಇಂದು ಮೆಡಿಕಲ್ ಶಾಪಿನಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದ ಅಳತೆ ಬದಲಾಗಿದೆ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಉಪ್ಪು ಗ್ಲೂಕೋಸ್ ಎರಡನ್ನೂ ಕಡಿಮೆ ಮಾಡಿತು. ಕೆಲಸ ಮಾಡುವ ಬಾಗಿಲು ಮಾತ್ರ ಅದೇ.

ಶಂಭುನಾಥ ದೇ 1973ರಲ್ಲಿ ನಿವೃತ್ತರಾದರು. 1978ರಲ್ಲಿ ಸ್ಟಾಕ್‌ಹೋಮಿನ ನೊಬೆಲ್ ವಿಚಾರಸಂಕಿರಣಕ್ಕೆ ಅವರನ್ನು ಕರೆದರು. ನೊಬೆಲ್ ವಿಜೇತ ಜೋಶುವಾ ಲೆಡರ್‌ಬರ್ಗ್ ಅವರ ಹೆಸರನ್ನು ನೊಬೆಲ್ಲಿಗೆ ಸೂಚಿಸಿದ್ದರು. ಬರಲಿಲ್ಲ. ನಮ್ಮ ದೇಶದ ಯಾವ ದೊಡ್ಡ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಮಾಡಿಕೊಳ್ಳಲಿಲ್ಲ. 1985ರಲ್ಲಿ ತೀರಿಕೊಂಡರು. ಐದು ವರ್ಷದ ನಂತರ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಅವರಿಗಾಗಿ ವಿಶೇಷ ಸಂಚಿಕೆ ತಂದಿತು. ನಾನು ಅವರ ಹೆಸರನ್ನು ಸರಿಯಾಗಿ ಓದಿದ್ದು ಅದರಲ್ಲೇ. ಅಷ್ಟರಲ್ಲಾಗಲೇ ವರ್ಷಗಟ್ಟಲೆ ಅವರ ಪ್ರಯೋಗವನ್ನು ಪಾಠ ಮಾಡಿದ್ದೆ, ಪುಸ್ತಕದಲ್ಲಿ ಇದ್ದದ್ದು 'ಮೊಲದ ಕರುಳಿನ ಪರೀಕ್ಷೆ' ಎಂದಷ್ಟೆ. ಈಗ ದೇ ಅವರ ಬಗ್ಗೆ ಬರೆಯುವವರೆಲ್ಲ ಸಿಗದ ನೊಬೆಲ್ಲಿನ ಗೋಳಿನಿಂದಲೇ ಶುರು ಮಾಡುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಆ ಗೋಳಿನಲ್ಲಿ ಪ್ರಯೋಗವೇ ಮುಚ್ಚಿಹೋಗುತ್ತದೆ. 1956ರಲ್ಲಿ ಅವರು ಭೇದಿಯಾದವರ ಇ. ಕೋಲೈ ಬ್ಯಾಕ್ಟೀರಿಯಾವನ್ನೂ ಅದೇ ಮೊಲದ ಕರುಳಿಗೆ ಹಾಕಿ, ಕೆಲವು ತಳಿಗಳು ಕಾಲರಾದಂತೆಯೇ ನೀರು ತುಂಬಿಸುತ್ತವೆ ಎಂದು ಬರೆದಿದ್ದರು. ಈಗ ಪ್ರವಾಸಿಗಳಿಗೆ, ಎಳೆಮಕ್ಕಳಿಗೆ ಬರುವ ಭೇದಿಯ ದೊಡ್ಡ ಕಾರಣ ಎನ್ನುವುದು ಅದೇ ತಳಿಗಳನ್ನು. ಅದನ್ನು ನೆನೆಯುವವರು ಇನ್ನೂ ಕಡಿಮೆ.

ಸಕ್ಕರೆಯ ಬದಲು ಅಕ್ಕಿಹಿಟ್ಟು ಬೇಯಿಸಿ ಉಪ್ಪು ಹಾಕಿದರೆ ಕಾಲರಾದಲ್ಲಿ ಭೇದಿಯ ಪ್ರಮಾಣ ಗ್ಲೂಕೋಸಿಗಿಂತ ಕಡಿಮೆಯಾಗುತ್ತದೆ ಎಂದು ಆಮೇಲೆ ಬಾಂಗ್ಲಾದೇಶದ ವಾರ್ಡುಗಳಲ್ಲಿ ಗೊತ್ತಾಯಿತು. ಇದನ್ನು ಹೇಳಿದಾಗಲೆಲ್ಲ ಯಾರಾದರೊಬ್ಬರು "ನಮ್ಮ ಅಜ್ಜಿ ಗಂಜಿ ಕೊಡ್ತಿದ್ರಲ್ಲ, ಅವರಿಗೆ ಆಗಲೇ ಗೊತ್ತಿತ್ತು" ಅನ್ನುತ್ತಾರೆ. ನಮ್ಮ ಅಜ್ಜಿಯೂ ಕೊಡುತ್ತಿದ್ದಳು, ಒಂದು ಲೋಟ. ಗಂಟೆಗೆ ಲೀಟರ್ ಹೋಗುತ್ತಿರುವವನಿಗೆ ಒಂದು ಲೋಟ ಏನೂ ಅಲ್ಲ. ಹೋದಷ್ಟನ್ನೂ ಅಳೆದು ಅಷ್ಟನ್ನೇ ಕುಡಿಸಬೇಕು ಎಂಬುದು ವಾರ್ಡಿನಲ್ಲಿ ಕಲಿತ ಪಾಠ. ಅದಕ್ಕೆಂದೇ ಕಾಲರಾ ಮಂಚ ಬಂತು. ಕ್ಯಾನ್ವಾಸು ಬಿಗಿದ ಮಡಚುವ ಮಂಚ, ನಡುವೆ ರಂಧ್ರ, ಕೆಳಗೆ ಲೀಟರಿನ ಗೆರೆ ಎಳೆದ ಬಕೆಟ್ಟು. ನರ್ಸಮ್ಮ ಬಗ್ಗಿ ಗೆರೆ ನೋಡಿ, ಎಷ್ಟು ಲೋಟ ಕುಡಿಸಬೇಕೆಂದು ಪಕ್ಕದಲ್ಲಿ ಕೂತ ಹೆಂಡತಿಗೋ ತಾಯಿಗೋ ಹೇಳುತ್ತಾಳೆ.